ಅಣ್ಣಾ ಚೈನೀಸ್‌ನ ಕಾಶವ್ವ

ಮೂರೂವರೆಗೆ ಏಳಬೇಕು. ಅಲಾರಾಂ ಹೊಡೆಯುವ ಮೊದಲೇ ಅದರ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಗಂಡನ ನಿದ್ದೆ ಕೆಡುತ್ತದೆ. ತಣ್ಣೀರಿನಲ್ಲಿ ಮೊದಲ ಸ್ನಾನ. ನಾಲ್ಕಕ್ಕೆ ನಳ ಬರುತ್ತದೆ. ಕುಡಿಯುವ ನೀರಿನ ಎರಡು ಕೊಡ, ಅಡುಗೆಯ ಹಂಡೆ, ಅತ್ತೆಯ ಪೂಜೆಯ ತಾಮ್ರದ ಚೊಂಬು, ಬಚ್ಚಲಿನ ಡ್ರಮ್ಮು ತುಂಬಬೇಕು. ಆಮೇಲೆ ಕೊರಳಿನ ಲಿಂಗ ತೆಗೆದು ಮಾಳಿಗೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ಮೇಲೆ ಹೋಗಬೇಕು. ಹೋಗಿ, ಎಂಟು ಕಿಲೋ ಕೋಳಿಯ ಕುತ್ತಿಗೆ, ಬೆನ್ನು ತೊಳೆಯಬೇಕು. ಚರ್ಮ ಸುಲಿಯಬೇಕು, ಅರಿಶಿನ ಉಪ್ಪು ಹಾಕಿ ಕುದಿಯಲು ಇಡಬೇಕು. ಅದು ಕುದಿಯುವಷ್ಟರಲ್ಲಿ ಆರು ಗಡ್ಡೆ ಎಲೆಕೋಬಿ, ಮೂರು ಕಿಲೋ ಗಜ್ಜರಿ, ಢೋಬಳಿ ಮಿರ್ಚಿ ಎನ್ನುವ ದೊಣ್ಣೆ ಮೆಣಸಿನಕಾಯಿ, ಉಳ್ಳಾಗಡ್ಡಿ ತಪ್ಪಲು ಹೆಚ್ಚಬೇಕು. ಎಲುಬಿನಿಂದ ಬಿಸಿ ಮಾಂಸವನ್ನು ಬೆರಳಿನಲ್ಲೇ ಎಳೆ ಎಳೆಯಾಗಿ ಬಿಡಿಸಬೇಕು. ಮಾಳಿಗೆ ತಿಕ್ಕಿ ತೊಳೆದು ಕೆಳಗೆ ಬಂದು ಎರಡನೇ ಸ್ನಾನ ಮಾಡಬೇಕು, ತಲೆಯ ಮೇಲಿಂದ. ಲಿಂಗ ಕಟ್ಟಿಕೊಂಡು ಅಡುಗೆಮನೆಗೆ ಹೋಗಿ ಅತ್ತೆಗೆ ಚಹಾ, ಗಂಡನಿಗೆ ಚಹಾ, ಮಗಳ ಡಬ್ಬಿಗೆ ಚಪಾತಿ, ಎಲ್ಲರಿಗೂ ರೊಟ್ಟಿ.

ಇಷ್ಟಾದ ಮೇಲೆ ಕಾತ್ರಜ್ ಘಾಟಿನ ಮೇಲೆ ಬೆಳಕು ಬೀಳುತ್ತದೆ. ಪುಣೆಯ ಧನಕವಡಿಯ ಆ ಓಣಿಯಲ್ಲಿ ಜನ ಎದ್ದು, ಹಾಲಿನ ಚೀಲ ಹಿಡಿದು ಎದುರಾದವರಿಗೆ ಹೇಳುತ್ತಾರೆ, ‘ಈರಣ್ಣ ಭಾಳ ಕಷ್ಟಪಟ್ಟ ಮನಶ್ಯಾ, ಗಾಡಿ ಮ್ಯಾಲೆ ನಿಂತು ಮನಿ ಎತ್ತಿದಾ.’

ಈರಣ್ಣ ಗಾಡಿಯ ಮೇಲೆ ನಿಲ್ಲುವುದು ಸಂಜೆ ಆರರಿಂದ ಹತ್ತರವರೆಗೆ.

ಕಾಶವ್ವ ಇಂಡಿ ತಾಲೂಕಿನ ಹುಡುಗಿ. ತೊಂಬತ್ತರಲ್ಲಿ ಮದುವೆಯಾಗಿ ಪುಣೆಗೆ ಬಂದಾಗ ಈರಣ್ಣ ಮಾರ್ಕೆಟ್ ಯಾರ್ಡಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕಾರಕೂನ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಪೆನ್ನು. ಎಂಟು ವರ್ಷದ ಮೇಲೆ ಆ ಆಫೀಸು ಮುಚ್ಚಿತು. ಒಂದು ವರ್ಷ ಅವನು ಕುರ್ಚಿಯ ಮೇಲೆ ಕೂತು ಪೇಪರ್ ಓದಿದ. ಆ ವರ್ಷ ಮನೆ ನಡೆದದ್ದು ಕಾಶವ್ವ ಹತ್ತು ಮನೆಗೆ ರೊಟ್ಟಿ ಬಡಿದು ಕೊಟ್ಟದ್ದರಿಂದ. ಆದರೆ ಆ ವರ್ಷವನ್ನು ಮನೆಯಲ್ಲಿ ಯಾರು ನೆನೆದರೂ ‘ಈರಣ್ಣ ಖಾಲಿ ಇದ್ದ ವರ್ಷ’ ಎಂದೇ ನೆನೆಯುತ್ತಾರೆ. ಆಮೇಲೆ ಅವನಿಗೆ ಚೈನೀಸ್ ಗಾಡಿಯ ವಿಚಾರ ಹೊಳೆಯಿತು. ಸುತ್ತ ಕಾಲೇಜುಗಳು, ಹಾಸ್ಟೆಲ್ಲುಗಳು. ಹುಡುಗರಿಗೆ ಹೊಟ್ಟೆ ತುಂಬಬೇಕು, ಅಗ್ಗವಾಗಿರಬೇಕು, ಖಾರ ಇರಬೇಕು.

ಮೊದಲನೆಯ ದಿನ ಈರಣ್ಣ ನೂಡಲ್ಸಿನ ಹತ್ತು ಪಾಕೀಟು ತಂದು ಕಟ್ಟೆಯ ಮೇಲೆ ಒಗೆದು, ‘ಇದನ್ನ ಕುದಿಸಿಡು’ ಎಂದು ಹೇಳಿ ಗಾಡಿಯ ಬಣ್ಣ ನೋಡಲು ಹೋದ. ಕಾಶವ್ವ ಅಂಥದ್ದನ್ನು ಕಂಡಿರಲಿಲ್ಲ. ಅವಳು ಕಂಡದ್ದು ಶಾವಿಗೆ. ತವರಿನಲ್ಲಿ ಬೇಸಿಗೆ ಬಂತೆಂದರೆ ಅವ್ವ, ಚಿಕ್ಕವ್ವ, ಓಣಿಯ ಹೆಂಗಸರೆಲ್ಲ ಸೇರಿ ಮಣೆಯ ಮೇಲೆ ಹಿಟ್ಟು ಹೊಸೆದು, ಕೋಲಿಗೆ ಇಳಿಬಿಟ್ಟು ಒಣಗಿಸುತ್ತಿದ್ದರು. ಶಾವಿಗೆಯನ್ನು ಯಾರೂ ಹಸಿಯಾಗಿ ಕುದಿಸುವುದಿಲ್ಲ, ಮೊದಲು ಹುರಿಯುತ್ತಾರೆ. ಅವಳೂ ಹುರಿದಳು. ಎಣ್ಣೆ ಸವರಿದ ಬಾಣಲೆಯಲ್ಲಿ ಕೆಂಪಗಾಗುವವರೆಗೆ ಹುರಿದು, ಆಮೇಲೆ ಉಪ್ಪು ನೀರಿಗೆ ಹಾಕಿ, ಬಸಿದು, ಧೋತರದ ಮೇಲೆ ಹರವಿದಳು. ಒಂದು ಎಳೆಗೆ ಇನ್ನೊಂದು ಎಳೆ ಅಂಟಲಿಲ್ಲ.

ಈರಣ್ಣ ಬಂದು ನೋಡಿ ಕೂಗಾಡಿದ. ‘ಹೊತ್ತಿಸಿ ಇಟ್ಟಿಯಲ್ಲ! ಚೈನೀಸ್ ಬೆಳ್ಳಗಿರ್ತದ. ಇದೇನು, ನಿಮ್ಮಪ್ಪನ ಮನಿ ಸೀಕರಣಿ ಶಾವಿಗಿ ಅಂತ ತಿಳಿದಿಯೇನ?’

ಬೇರೆ ಪಾಕೀಟು ತರುವ ಹೊತ್ತಿರಲಿಲ್ಲ. ಅದನ್ನೇ ಒಯ್ದು ಹಾಸ್ಟೆಲ್ಲಿನ ಹುಡುಗರಿಗೆ ಹಾಕಿಕೊಟ್ಟ. ಮರುದಿನ ಸಂಜೆ ಅದೇ ಹುಡುಗರು ಇನ್ನೂ ನಾಲ್ಕು ಹುಡುಗರನ್ನು ಕರೆದುಕೊಂಡು ಬಂದು ‘ಅಣ್ಣಾ, ಕಾಲ್‌ಚಂ ತೇಚ’ ಅಂದರು, ನಿನ್ನೆಯದೇ ಬೇಕು. ಅವತ್ತಿನಿಂದ ಹುರಿಯುವುದು ಈರಣ್ಣನ ಗುಟ್ಟಾಯಿತು. ಯಾರಾದರೂ ಕೇಳಿದರೆ ಒಂದು ಕಣ್ಣು ಸಣ್ಣದು ಮಾಡಿ ‘ಸೀಕ್ರೆಟ್ ಆಹೆ’ ಅನ್ನುತ್ತಿದ್ದ.

ಆರು ತಿಂಗಳಿಗೆ ಹುಡುಗರು ಚಿಕನ್ ಕೇಳತೊಡಗಿದರು. ಬರೀ ಕೋಬಿ ತಿಂದು ಎಷ್ಟು ದಿನ? ಪಕ್ಕದ ಗಾಡಿಯವನು ಚಿಕನ್ ಹಾಕುತ್ತಿದ್ದ, ಅಲ್ಲಿ ಗದ್ದಲ. ಈರಣ್ಣ ಎರಡು ರಾತ್ರಿ ಯೋಚನೆ ಮಾಡಿ, ತಾಯಿಯ ಮುಂದೆ ಕೂತ. ನೀಲವ್ವನಿಗೆ ಅರವತ್ತೆಂಟು; ಮೂರು ಹೊತ್ತು ಲಿಂಗಪೂಜೆ. ಈರುಳ್ಳಿಯ ಗಾಡಿ ಓಣಿಗೆ ಬಂದರೂ ಅದರ ಪಕ್ಕ ಮೀನಿನವಳು ನಿಂತಿದ್ದಾಳೇನೋ ಎಂದು ಇಣುಕಿ ನೋಡುವವಳು. ಅಂಥವಳು ಮಗನ ಮಾತು ಪೂರಾ ಕೇಳಿ, ಅಷ್ಟೇ ತಣ್ಣಗೆ ತೀರ್ಪು ಕೊಟ್ಟಳು.

‘ವ್ಯಾಪಾರ ಅಂದ ಮ್ಯಾಲೆ ಮಾಡಬೇಕಪಾ. ಮನಿಯೊಳಗ ಬ್ಯಾಡ. ಮಾಳಿಗಿ ಮ್ಯಾಲೆ ಕಾಶಿ ಮಾಡ್ಲಿ. ಮಾಡೂ ಮುಂದ ಲಿಂಗ ತಗದಿಡ್ಲಿ. ಜಳಕಾ ಮಾಡಿ ಕೆಳಗ ಬರ್ಲಿ.’

ಜೀವ ಇರುವ ತನಕ ಮೈಮೇಲಿಂದ ಲಿಂಗ ತೆಗೆಯಬಾರದು ಎಂದು ಕಾಶವ್ವನಿಗೆ ಹೆರಿಗೆಯ ದಿನವೂ ಹೇಳಿದ್ದವಳು ಇದೇ ನೀಲವ್ವ. ನೋವಿನಲ್ಲಿ ದಾರ ಕೊರಳಿಗೆ ಬಿಗಿಯುತ್ತಿದೆ ಎಂದು ದಾಯಿ ತೆಗೆಯಲು ಹೋದಾಗ ಅವಳ ಕೈ ಹಿಡಿದು ನಿಲ್ಲಿಸಿದ್ದಳು. ಹೆರುವಾಗ ತೆಗೆಯಬಾರದ್ದನ್ನು ಕೋಳಿ ತೊಳೆಯುವಾಗ ತೆಗೆಯಬಹುದು, ದಿನಾ, ಎರಡು ತಾಸು. ಆ ಮಾತು ಕೇಳಿದ ದಿನ ಕಾಶವ್ವ ಎದ್ದು ಹೋಗಿ ಕೋಬಿ ಹೆಚ್ಚಲು ಕೂತಳು. ಅವಳ ಸಿಟ್ಟು ಹೀಗೆಯೇ, ತಡವಾಗಿ ಬರುತ್ತಿತ್ತು, ಕೈಯಲ್ಲಿ ಕೆಲಸ ಇರುವಾಗ ಬರುತ್ತಿತ್ತು. ಕೋಬಿ ಹೆಚ್ಚುವ ಸದ್ದು ಜೋರಾಯಿತೆಂದರೆ ಅವಳಿಗೆ ಏನೋ ನೆನಪಾಗಿದೆ ಎಂದು ಅರ್ಥ.

ಕೋಳಿ ಮುಟ್ಟುವುದನ್ನು ಅವಳಿಗೆ ಕಲಿಸಿದ್ದು ಪಾರವ್ವ. ಪಕ್ಕದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನ ತಗಡಿನ ಶೆಡ್ಡಿನಲ್ಲಿ ಅವಳೂ ಗಂಡ ಲಾಲಪ್ಪನೂ ಇದ್ದರು, ಯಾದಗಿರಿ ಕಡೆಯವರು, ಸ್ಲ್ಯಾಬ್ ಕೆಲಸದವರು. ಮೊದಲ ದಿನ ಕಾಶವ್ವ ಕೋಳಿಯ ಕುತ್ತಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಮುಖ ತಿರುಗಿಸಿದ್ದನ್ನು ನೋಡಿ ಪಾರವ್ವ ಬಿದ್ದು ಬಿದ್ದು ನಕ್ಕಿದ್ದಳು.

‘ಯಕ್ಕಾ, ಅದು ಸತ್ತಾದ. ನಿನಗ ಕಚ್ಚಂಗಿಲ್ಲ.’

‘ವಾಸನಿ ಬರ್ತದವಾ.’

‘ವಾಸನಿ ಬರ್ದ ಇರ್ಲಾಕ ಅದೇನು ಮಲ್ಲಿಗಿ ಹೂವ್ವಾ? ತಾ ಇಲ್ಲಿ. ಹಿಂಗ ಹಿಡಿ, ಹಿಂಗ ಎಳಿ. ಮಗೀನ ಅಂಗಿ ಬಿಚ್ಚಂಗ.’

ಕಾಶವ್ವ ಮಾಳಿಗೆಯ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಬಂದು ಮತ್ತೆ ಕೂತಳು. ಹದಿನೈದು ದಿನ ಅನ್ನ ಸೇರಲಿಲ್ಲ. ಆಮೇಲೆ ಸೇರಿತು. ಕುತ್ತಿಗೆ, ಬೆನ್ನು ಅಗ್ಗ, ಅದರಲ್ಲಿ ಮಾಂಸ ಇಲ್ಲವೆಂದು ಯಾರೂ ಒಯ್ಯುವುದಿಲ್ಲ. ಆದರೆ ಚೆನ್ನಾಗಿ ಕುದಿಸಿ, ಬಿಸಿ ಇರುವಾಗಲೇ ಬೆರಳು ಹಾಕಿ ಬಿಡಿಸಿದರೆ ಎಲುಬಿನ ಸಂದಿನಿಂದ ಬೇಕಾದಷ್ಟು ಎಳೆ ಬರುತ್ತದೆ, ಆ ಕುದಿಸಿದ ನೀರಿನ ಒಂದು ಸೌಟು ಬಿದ್ದರೆ ಬರೀ ಕೋಬಿಗೂ ಕೋಳಿಯ ರುಚಿ ಹತ್ತುತ್ತದೆ ಎಂದು ಅವಳೇ ಕಂಡುಕೊಂಡಳು. ಒಮ್ಮೆಯೂ ಬಾಯಿಗೆ ಹಾಕಿ ನೋಡದೆ, ವಾಸನೆಯ ಮೇಲೆ ಉಪ್ಪು ಹದ ಮಾಡುತ್ತಿದ್ದಳು. ಬೆರಳ ತುದಿಗಳು ಮೊದಲು ಸುಟ್ಟವು, ಆಮೇಲೆ ದಪ್ಪಗಾದವು, ಆಮೇಲೆ ಏನನ್ನೂ ಹೇಳುವುದನ್ನು ಬಿಟ್ಟವು. ಈಗ ಅವಳಿಗೆ ಮಗಳ ಕೂದಲು ನುಣುಪೋ ಒರಟೋ ತಿಳಿಯಬೇಕಾದರೆ ಅಂಗೈಯ ಹಿಂಭಾಗ ಸವರಿ ನೋಡಬೇಕು.

ಒಂದು ಸಂಜೆ ಕೋಬಿ ಸಾಲಲಿಲ್ಲವೆಂದು ಈರಣ್ಣ ಹೇಳಿ ಕಳಿಸಿದ. ಕಾಶವ್ವ ಡಬ್ಬಿ ಹೊತ್ತು ಗಾಡಿಯ ಹತ್ತಿರ ಹೋದಾಗ, ಒಬ್ಬ ಹುಡುಗ ತಾಟು ನೆಕ್ಕುತ್ತ ಗೆಳೆಯನಿಗೆ ಹೇಳುತ್ತಿದ್ದ, ‘ಅಣ್ಣಾಚ್ಯಾ ಹಾತಾಲಾ ಚವ್ ಆಹೆ!’ ಅಣ್ಣನ ಕೈಯಲ್ಲಿ ರುಚಿ ಇದೆ. ಈರಣ್ಣ ಕಢಾಯಿಯಿಂದ ನೂಡಲ್ಸನ್ನು ಗಾಳಿಗೆ ಹಾರಿಸಿ ಹಿಡಿದ. ಬೆಂಕಿ ಭಗ್ ಎಂದಿತು. ಹುಡುಗರು ಸೀಟಿ ಹೊಡೆದರು. ಕಾಶವ್ವ ಡಬ್ಬಿ ಇಟ್ಟಳು. ‘ಬಾಜೂಕ ಇಡು, ಗಿರಾಕಿ ನಿಂತಾರ’ ಎಂದ ಅವಳ ಗಂಡ, ಅವಳ ಕಡೆ ನೋಡದೆ.

ಎರಡು ಸಾವಿರದ ಮೂರರ ಜನವರಿಯಲ್ಲಿ ಮಗಳು ಸ್ನೇಹಲ್‌ಗೆ ಹನ್ನೆರಡು ತುಂಬಿತು. ಲಿಂಗದೀಕ್ಷೆ ಮಾಡಿಸಬೇಕೆಂದು ಕಾಶವ್ವ ಎರಡು ವರ್ಷದಿಂದ ಹೇಳುತ್ತಿದ್ದಳು. ಕೊನೆಗೆ ಊರಿನ ಮಠದ ಅಯ್ಯನವರು ಪುಣೆಗೆ ಬರುವ ಭಾನುವಾರ ಗೊತ್ತಾಯಿತು, ಬೆಳಿಗ್ಗೆ ಎಂಟಕ್ಕೆ ಮುಹೂರ್ತ.

ಅವಳ ತವರಿನಲ್ಲೂ ಈ ಮನೆಯಲ್ಲೂ ಒಂದು ರೂಢಿ. ಅಯ್ಯನವರು ಮಗುವಿನ ಎಡಗೈಯಲ್ಲಿ ಲಿಂಗ ಇಡುವಾಗ, ಆ ಪುಟ್ಟ ಅಂಗೈಯ ಕೆಳಗೆ ತಾಯಿ ತನ್ನ ಅಂಗೈ ಇಟ್ಟಿರಬೇಕು. ಮಗು ನಡುಗಿದರೆ ಲಿಂಗ ಬೀಳಬಾರದಲ್ಲ. ಕಾಶವ್ವನ ದೀಕ್ಷೆಯ ದಿನ ಅವಳ ಕೈ ನಡುಗಿತ್ತು. ಕೆಳಗೆ ಅವ್ವನ ಕೈ ಇತ್ತು, ಸುಣ್ಣ ಹೊಡೆದು ಬಿರುಕು ಬಿಟ್ಟ ಕೈ, ಬೆಚ್ಚಗೆ, ಗಟ್ಟಿಯಾಗಿ. ಅವ್ವ ತೀರಿಕೊಂಡು ಆರು ವರ್ಷ. ಅವಳ ಮುಖ ಕೆಲವು ಸಲ ಮಸುಕಾಗುತ್ತದೆ, ಆ ಕೈ ಮಾತ್ರ ಮಸುಕಾಗಿಲ್ಲ. ತಾನು ಮಗಳಿಗೆ ಕೊಡಬೇಕಾದ್ದು ಏನಾದರೂ ಇದ್ದರೆ ಅದು ಈ ಒಂದು ಗಳಿಗೆಯ ಕೈ ಎಂದು ಕಾಶವ್ವ ನಂಬಿದ್ದಳು.

ಅದೇ ವಾರ ಈರಣ್ಣನಿಗೆ ಒಂದು ಆರ್ಡರ್ ಬಂತು. ಹತ್ತಿರದ ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗ್, ಇನ್ನೂರು ಪ್ಲೇಟ್ ಚಿಕನ್ ನೂಡಲ್ಸ್, ಅದೇ ಭಾನುವಾರ ಮಧ್ಯಾಹ್ನ. ಅವನು ಕುಣಿಯುತ್ತ ಬಂದ. ‘ಇನ್ನೂರು! ಒಂದ ಹೊಡ್ತಕ್ಕ!’

‘ಅವತ್ತ ದೀಕ್ಷಾ ಅದಲ್ಲರಿ’ ಅಂದಳು ಕಾಶವ್ವ.

‘ದೀಕ್ಷಾ ಎಂಟಕ್ಕ. ಆರ್ಡರ್ ಹನ್ನೆರಡಕ್ಕ. ನಾ ಎಲ್ಲಾ ಹಿಶೇಬ ಹಾಕೀನಿ.’

ಅವನ ಹಿಶೇಬದಲ್ಲಿ ಅವನು ಎಂಟಕ್ಕೆ ಮಡಿ ಉಟ್ಟು ಮಣೆಯ ಮೇಲೆ ಕೂತಿದ್ದ, ಹನ್ನೆರಡಕ್ಕೆ ಕಢಾಯಿ ಮುಂದೆ ನಿಂತಿದ್ದ. ಇಪ್ಪತ್ತೆರಡು ಕಿಲೋ ಕೋಳಿ ಯಾವಾಗ ತೊಳೆದು, ಕುದಿದು, ಎಳೆಯಾಗುತ್ತದೆ ಎಂಬುದು ಅದರಲ್ಲಿ ಇರಲಿಲ್ಲ. ಅದನ್ನು ಸರಿಮಾಡಿದ್ದು ನೀಲವ್ವ. ಅವಳು ಅಡಿಕೆ ಕತ್ತರಿಸುತ್ತ, ತರಕಾರಿಯ ಧಾರಣೆ ಹೇಳಿದಷ್ಟು ಸಹಜವಾಗಿ ಸೊಸೆಗೆ ಹೇಳಿದಳು.

‘ನೀ ಮಾಳಿಗಿ ಮ್ಯಾಲಿಂದು ನೋಡ್ಕೋ. ಮಾಧುರಿಗೆ ಫೋನ್ ಮಾಡೀನಿ, ಸೋಲಾಪುರದಿಂದ ಶನಿವಾರ ಬರ್ತಾಳ. ಅಕಿನ ಕೂತು ಕೈ ಹಿಡಿತಾಳ. ಈರಣ್ಣನ ತಂಗಿ ಅಂದ್ರ ಹುಡುಗಿಗೆ ಸ್ವಾದರತ್ತಿ, ತಾಯಿ ಇದ್ದಂಗ.’

‘ತಾಯಿ ನಾ ಇದ್ದೀನಲ್ಲ ಅತ್ತಿ.’

‘ಇದ್ದಿ, ಯಾರು ಇಲ್ಲಂದ್ರು? ಮೂರು ವರ್ಷ ಆತು, ದಿನಾ ಆ ಕೆಲಸಾ ಮಾಡೂ ಕೈ. ಆ ಕೈಯಾಗ ಲಿಂಗ ಹಿಡಿಸಬೇಕೇನ? ನೀನ ಹೇಳು.’

‘ಅಯ್ಯನೋರು ಕೇಳಿದ್ರ ಏನ ಹೇಳ್ತೀರಿ?’ ಕಾಶವ್ವ ಕೇಳಿದಳು. ಗಾಡಿಯಲ್ಲಿ ಕೋಳಿ ಮಾರುವುದು ಊರಿಗೂ ಗೊತ್ತಿರಲಿಲ್ಲ, ಅಯ್ಯನವರಿಗೂ ಗೊತ್ತಿರಲಿಲ್ಲ. ಅವರೆಲ್ಲರಿಗೆ ಈರಣ್ಣನದು ‘ಹೋಟೆಲ್ ವ್ಯಾಪಾರ’.

ನೀಲವ್ವ ಅಡಕೊತ್ತು ಕೆಳಗಿಟ್ಟಳು. ‘ಹೊರಗ ಆಗ್ಯಾಳ ಅಂತ ಹೇಳಿದ್ರಾತು.’

ಕಾಶವ್ವ ಅತ್ತೆಯ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿಲ್ಲ. ಲಿಂಗ ಕಟ್ಟಿದವರಿಗೆ ಸೂತಕ ಇಲ್ಲ, ನಮ್ಮೊಳಗೆ ಹೊರಗೆ ಕೂಡುವುದು ಇಲ್ಲ, ಎಂದು ಕಾಶವ್ವ ದೊಡ್ಡವಳಾದ ದಿನ ಅವ್ವ ಹೇಳಿದ್ದಳು. ತಿಂಗಳ ಮೂರು ದಿನವೂ ಅವಳು ತವರಿನಲ್ಲಿ ಒಲೆಯ ಮುಂದೆಯೇ ಇದ್ದವಳು, ಪೂಜೆ ಬಿಟ್ಟವಳಲ್ಲ. ಈ ಮನೆಯಲ್ಲೂ ಮೊದಲು ಹಾಗೆಯೇ ಇತ್ತು. ಓಣಿಯ ಬೇರೆ ಮನೆಗಳಲ್ಲಿ ಹೆಂಗಸರು ಮೂರು ದಿನ ಚಾಪೆ ಹಿಡಿದು ಮೂಲೆಗೆ ಕೂಡುವುದನ್ನು ನೋಡಿ ನೋಡಿ ನೀಲವ್ವ ಅದನ್ನು ದೊಡ್ಡಸ್ತಿಕೆ ಎಂದುಕೊಂಡು ತಂದಿದ್ದಳು, ಹಬ್ಬಕ್ಕೆ ಪುರಣಪೋಳಿ ಕಲಿತ ಹಾಗೆ.

‘ನಮ್ಮೊಳಗ ಅದು ಇಲ್ಲಲ್ಲ ಅತ್ತಿ.’

‘ಊರಾಗ ಇಲ್ಲ. ಪುಣೆದಾಗ ಅದ.’

ಆ ರಾತ್ರಿ ಅವಳು ಗಂಡನನ್ನು ಕೇಳಿದಳು. ಅವನು ಕಾಲು ಚಾಚಿ ಕೂತು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದ.

‘ನೀವೂ ಕೋಳಿ ಮುಟ್ಟಾವರ ಅಲ್ಲೇನ್ರಿ? ನೀವು ಹ್ಯಾಂಗ ಮಣಿ ಮ್ಯಾಲೆ ಕೂಡ್ತೀರಿ?’

‘ನಾ ಎಲ್ಲಿ ಮುಟ್ತೀನಿ?’ ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. ‘ನಾ ಜಾರಾ ಸೌಟು ಹಿಡಿತೀನಿ. ಮುಟ್ಟೂದು ಜಾರಾ. ಮೂರು ವರ್ಷದಾಗ ನನ್ನ ಕೈಗೆ ಒಂದು ತುಣುಕು ಹಸಿ ಕೋಳಿ ಹತ್ತಿಲ್ಲ, ಆಣಿ ಮಾಡಿ ಹೇಳ್ತೀನಿ.’

‘ಹತ್ತಿಲ್ಲ ಹೌದು. ಯಾಕ ಹತ್ತಿಲ್ಲ?’

‘ಈಗ ವಾದ ಬ್ಯಾಡ. ಓವರ್ ಮುಗಿಲಿ.’

‘ಪಾರವ್ವಗ ಕೂಲಿ ಕೊಟ್ಟು ಅವತ್ತ ಒಂದಿನ ಮಾಡ್ಸೋಣ. ಅಕಿಗೆ ರವಿವಾರ ಸುಟ್ಟಿ.’

ಈರಣ್ಣ ಟಿವಿಯಿಂದ ಕಣ್ಣು ಕಿತ್ತ. ‘ಹುಚ್ಚೇನ ನಿನಗ? ಸೀಕ್ರೆಟ್ ಹೊರಗ ಹೋಗ್ತದ. ನಾಳೆ ಅಕಿ ಗಂಡ ಎದುರಿಗೇ ಗಾಡಿ ಹಚ್ತಾನ. ಮತ್ತ ಕೂಲಿ ಯಾಕ ಕೊಡ್ಬೇಕು, ಮನಿಯಾಗ ಮಂದಿ ಇದ್ದಾಗ?’

ಮನಿಯಾಗಿನ ಮಂದಿ ಎದ್ದು ಹೋಗಿ ಪಾತ್ರೆ ತಿಕ್ಕಿದಳು.

ಮಗಳಾದರೂ ತನ್ನ ಕಡೆ ಇರುತ್ತಾಳೆ ಎಂದುಕೊಂಡಿದ್ದಳು. ಸ್ನೇಹಲ್ ಕನ್ನಡಿಯ ಮುಂದೆ ಹೊಸ ಪರಕಾರವನ್ನು ಸೊಂಟಕ್ಕೆ ಹಿಡಿದು ನೋಡಿಕೊಳ್ಳುತ್ತಿದ್ದಳು.

‘ಯಾರ ಕೂತ್ರೇನ ಅವ್ವಾ, ಅರ್ಧಾ ತಾಸಿಂದು. ಮಾಧುರಿ ಆತ್ಯಾ ನನಗ ವಾಚ್ ತರ್ತೀನಂದಾಳ.’

ಆ ಮಾತಿಗೆ ಕಾಶವ್ವನಿಗೆ ನೋವಾಯಿತು, ನೋವಿಗಿಂತ ಜಾಸ್ತಿ ಸಿಟ್ಟು ಬಂತು. ಮಗಳ ಮೇಲಲ್ಲ. ನಸುಕಿನಲ್ಲಿ ಮಾಳಿಗೆಯ ಮೇಲೆ ಇರುವ, ಶಾಲೆಯಿಂದ ಬಂದಾಗ ಬಚ್ಚಲಲ್ಲಿ ಇರುವ, ಸಂಜೆ ಎಣ್ಣೆ ಜಿಡ್ಡಿನ ಪಾತ್ರೆಗಳ ನಡುವೆ ಇರುವ ತಾಯಿ ಇದ್ದರೇನು ಬಿಟ್ಟರೇನು ಎಂದು ಹುಡುಗಿಗೆ ಅನ್ನಿಸಿದರೆ, ಅದನ್ನು ಕಲಿಸಿದವರು ಯಾರು? ಅವಳು ಹೋಗಲು ತಿರುಗಿದಾಗ, ಸ್ನೇಹಲ್ ಪರಕಾರ ಮಡಚುತ್ತ, ಹಾಗೆಯೇ, ಏನೋ ನೆನಪಾದಂತೆ ಕೇಳಿದಳು.

‘ಅವ್ವಾ, ದೀಕ್ಷಾ ಆದ ಮ್ಯಾಲೆ ನಂದೂ ಮೊಳಿಗಿ ತೂಗುಹಾಕಬೇಕೇನ?’

‘ಯಾಕ?’

‘ನಿಂದು ಹಾಕ್ತಿಯಲ್ಲ. ಅಪ್ಪಂದು ಯಾವತ್ತೂ ಹಾಕಂಗಿಲ್ಲ. ಹುಡುಗ್ಯಾರು ಅಷ್ಟ ಹಾಕೂದೇನು?’

ಕಾಶವ್ವ ‘ಇಲ್ಲ’ ಎಂದಳು. 

ಶುಕ್ರವಾರ ಪಾರವ್ವ ಮಾಳಿಗೆಗೆ ಬಂದಾಗ ಕಾಶವ್ವ ಗಜ್ಜರಿಯನ್ನು ಹೆಚ್ಚುತ್ತಿರಲಿಲ್ಲ, ಹೊಡೆಯುತ್ತಿದ್ದಳು.

‘ಯಕ್ಕಾ, ಆ ಗಜ್ಜರಿ ನಿನಗೇನು ಮಾಡ್ಯಾದ?’

ಕಾಶವ್ವ ಎಲ್ಲ ಹೇಳಿದಳು. ಪಾರವ್ವ ಕುಕ್ಕರಗಾಲಲ್ಲಿ ಕೂತು, ಗಜ್ಜರಿಯ ತುಂಡು ಬಾಯಿಗೆ ಹಾಕಿಕೊಂಡು ಕೇಳಿದಳು. ಕೊನೆಗೆ ಉಗುಳಿದ ಹಾಗೆ ನಕ್ಕಳು.

‘ನಮ್ಮ ದೇವಿ ಮರಗಮ್ಮ ಕೋಳಿ ತಿಂತಾಳ. ನಿಮ್ಮತ್ತಿ ಕೋಳಿ ರೊಕ್ಕ ತಿಂತಾಳ. ನಮ್ಮಕಿ ತಿಂದು ಬಾಯಿ ಒರಿಸ್ಕೊಳ್ಳಂಗಿಲ್ಲ ನೋಡು, ಅಷ್ಟ ಫರಕ.’

‘ಮೆಲ್ಲಕ ಅನ್ನು.’

‘ಯಾಕ? ಕೇಳ್ಲಿ. ನೀ ನನಗೊಂದು ಹೇಳು ಯಕ್ಕಾ. ನಿನ್ನ ಲಿಂಗ ನಿನಗ ಅಯ್ಯನೋರು ಕಟ್ಯಾರೋ ನಿಮ್ಮತ್ತಿ ಕಟ್ಯಾಳೋ?’

‘ಅಯ್ಯನೋರು.’

‘ಮತ್ತ ತಗಿ ಅನ್ಲಾಕ ಅಕಿ ಯಾರು?’

ಹೇಳಿ ಎದ್ದು ಹೋದಳು, ಅವಳಿಗೆ ಕೆಲಸಕ್ಕೆ ತಡವಾಗುತ್ತಿತ್ತು. ಇಷ್ಟು ಸರಳವಾದ ಪ್ರಶ್ನೆ ಮೂರು ವರ್ಷದಲ್ಲಿ ತನಗೆ ಬರಲಿಲ್ಲವಲ್ಲ ಎಂದು ಕಾಶವ್ವನಿಗೆ ತನ್ನ ಮೇಲೆಯೇ ರೋಷ ಬಂತು. ದಿನಾ ಬೆಳಿಗ್ಗೆ ಆ ಮೊಳೆಗೆ ತಾನೇ ಕೈ ಎತ್ತಿ ತೂಗುಹಾಕಿದ್ದಳು. ಯಾರೂ ಬಂದು ಕಸಿದಿರಲಿಲ್ಲ.

ಶನಿವಾರ ಸಂಜೆ ಮಾಧುರಿ ಬಂದಳು. ರೇಷ್ಮೆ ಸೀರೆ, ಸ್ನೇಹಲ್‌ಗೆ ವಾಚು, ತಾಯಿಗೆ ಸೋಲಾಪುರಿ ಚಾದರ. ಕಾಶವ್ವನನ್ನು ಕಂಡು ‘ಅಯ್ಯ, ವೈನೀ, ಎಂಥಾ ಹೊತ್ತಿಗೆ ಹೊರಗ ಆದಿರಿ ನೋಡ್ರಿ’ ಎಂದಳು. ಅವಳಿಗೂ ಸುಳ್ಳನ್ನೇ ಹೇಳಿದ್ದರು. ತಾಯಿ ಮಗ ಇಬ್ಬರೂ ಅಲ್ಲೇ ಇದ್ದರು. ನೀಲವ್ವ ಚಾದರದ ಅಂಚು ಸವರಿ ನೋಡುತ್ತಿದ್ದಳು, ಈರಣ್ಣ ಸಕ್ಕರೆ ಕಡಿಮೆಯಾಗಿದೆ ಎಂದು ಚಹಾದ ಕಪ್ಪಿನೊಳಗೆ ನೋಡುತ್ತಿದ್ದ.

‘ಆಗಿಲ್ಲವಾ’ ಎಂದಳು ಕಾಶವ್ವ.

‘ಹ್ಞಾ?’

‘ಹೊರಗ ಆಗಿಲ್ಲ.’

ನೀಲವ್ವ ದೊಡ್ಡದಾಗಿ ನಕ್ಕು, ‘ನಾಚಿಕಿ ಅಕಿಗೆ. ಗಂಡ ಎದುರಿಗೆ ಇದ್ದಾನಲ್ಲ’ ಎಂದಳು. ಮಾಧುರಿಯೂ ನಕ್ಕಳು. ಕಾಶವ್ವ ತನ್ನ ಬಾಯಿಂದ ತನ್ನ ಮೈಯ ಬಗ್ಗೆ ಹೇಳಿದ ಮಾತೂ ಆ ಮನೆಯಲ್ಲಿ ನಿಲ್ಲಲಿಲ್ಲ. ಸಿಟ್ಟು ಆಗ ಒಂದು ಥರ ತಣ್ಣಗಾಯಿತು. ಇಳಿದದ್ದಲ್ಲ, ಎಣ್ಣೆ ಕಾಯುವವರೆಗೆ ಸದ್ದು ಮಾಡಿ, ಕಾದ ಮೇಲೆ ಸದ್ದು ನಿಲ್ಲಿಸುತ್ತದಲ್ಲ, ಹಾಗೆ.

ರಾತ್ರಿ ಅಂಗಡಿಯಿಂದ ಕೋಳಿ ಬಂತು. ಇಪ್ಪತ್ತೆರಡು ಕಿಲೋ, ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಐಸಿನ ಮೇಲೆ. ಮಾಳಿಗೆಯ ಮೇಲೆ ಇಡಿಸಿ ಈರಣ್ಣ ಹೇಳಿದ, ‘ಏಳೂವರೆ ಒಳಗ ಎಲ್ಲಾ ಮುಗಿಸು. ಅಯ್ಯನೋರು ಬಂದಾಗ ವಾಸನಿ ಬರಬಾರ್ದು. ಕರ್ಪೂರ ಹಚ್ಚು.’

ಭಾನುವಾರ ಕಾಶವ್ವ ಎರಡೂವರೆಗೆ ಎದ್ದಳು. ಸ್ನಾನ ಮಾಡಿದಳು. ನಳ ಬರಲು ಇನ್ನೂ ಹೊತ್ತಿತ್ತು. ಲಿಂಗವನ್ನು ಎದೆಯ ಮೇಲೆ ಸೆರಗಿನೊಳಗೆ ಭದ್ರ ಮಾಡಿಕೊಂಡು, ಬಾಗಿಲ ಪಕ್ಕದ ಮೊಳೆಯ ಹತ್ತಿರ ನಿಲ್ಲದೆ ಮೇಲೆ ಹೋದಳು.

ಒಲೆ ಹೊತ್ತಿಸಿದಳು. ನೂಡಲ್ಸ್ ಹುರಿಯುವುದೇ ಒಂದು ತಾಸಿನ ಕೆಲಸ, ಇನ್ನೂರು ಪ್ಲೇಟಿನದು. ಸ್ವಲ್ಪ ಸ್ವಲ್ಪವೇ ಹಾಕಿ, ಮಗುಚಿ, ಬಣ್ಣ ನೋಡಿ ತೆಗೆದಳು. ಮಾಳಿಗೆಯ ತುಂಬ ಬೇಸಿಗೆಯ ತವರಿನ ವಾಸನೆ ಎದ್ದಿತು. ಕುದಿಸಿದಳು, ಬಸಿದಳು, ನಾಲ್ಕು ಧೋತರಗಳ ಮೇಲೆ ಹರವಿ ಎಣ್ಣೆ ಕೈ ಸವರಿದಳು. ನಡುವೆ ಇಳಿದು ನೀರು ತುಂಬಿಸಿ ಬಂದಳು. ಹದಿನಾಲ್ಕು ಗಡ್ಡೆ ಕೋಬಿ ಹೆಚ್ಚಿದಳು, ಕೂದಲಿನಷ್ಟು ಸಣ್ಣಗೆ. ಗಜ್ಜರಿ, ಢೋಬಳಿ ಮಿರ್ಚಿ. ಬಳ್ಳೊಳ್ಳಿ ಹಸಿಶುಂಠಿ ಜಜ್ಜಿದಳು. ತಪ್ಪಲನ್ನು ಕೊನೆಗೆ, ಬಾಡಬಾರದೆಂದು. ಕೆಲಸದಲ್ಲಿ ಒಂದು ತಪ್ಪೂ ಇಲ್ಲ. ಇನ್ನೂರು ಹುಡುಗರು ಹಸಿದು ಬರುತ್ತಾರೆ, ಅವರ ಮೇಲೆ ಅವಳಿಗೇನೂ ಸಿಟ್ಟಿಲ್ಲ.

ಐದೂಮುಕ್ಕಾಲಿಗೆ ಉಳಿದದ್ದು ನೀಲಿ ಟಬ್ಬು ಒಂದೇ.

ಅವಳು ಅದರ ಮುಂದೆ ಕೂತಳು. ಈಗ ಶುರು ಮಾಡಿದರೆ ಏಳೂವರೆಗೆ ಮುಗಿಯುತ್ತದೆ. ಎಷ್ಟು ಹೊತ್ತು ಬೇಕೆಂದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಮುಗಿಸಿದರೆ ಆರ್ಡರ್ ಹೋಗುತ್ತದೆ, ಎಲ್ಲರೂ ನಗುತ್ತಾರೆ, ಸ್ನೇಹಲ್‌ಳ ಅಂಗೈಯ ಕೆಳಗೆ ಮಾಧುರಿಯ ಬಳೆ ತುಂಬಿದ ಕೈ ಇರುತ್ತದೆ. ಮುಗಿಸದಿದ್ದರೆ ಏನಾಗುತ್ತದೆ? ಈರಣ್ಣ ಹೊಡೆದಿಲ್ಲ ಇಷ್ಟು ವರ್ಷ, ಇವತ್ತು ಹೊಡೆಯಬಹುದು. ಆರ್ಡರ್ ಕೈತಪ್ಪಿದರೆ ಗಾಡಿಯ ಹೆಸರು ಕೆಡುತ್ತದೆ, ಗಾಡಿ ಕೆಟ್ಟರೆ ಮಗಳ ಫೀಜು ಇಲ್ಲ. ಅತ್ತೆ ಅಯ್ಯನವರ ಮುಂದೆಯೇ ಎದೆ ಬಡಿದುಕೊಳ್ಳಬಹುದು. ಕೋಳಿಯ ವಿಷಯ ಊರಿಗೆ ಮುಟ್ಟಬಹುದು. ಮುಟ್ಟಿದರೆ ಮುಟ್ಟಲಿ, ಅದನ್ನು ಮುಚ್ಚಿಟ್ಟವಳು ತಾನಲ್ಲ. ಹಾಗೆ ನೋಡಿದರೆ ಆರ್ಡರ್ ಕೈತಪ್ಪಲೇಬೇಕೆಂದೂ ಇಲ್ಲ. ಮನೆಯಲ್ಲಿ ಎರಡು ಕೈ ಇರುವ ಗಂಡಸೊಬ್ಬ ಮಲಗಿದ್ದಾನೆ. ನೀರಿದೆ, ಚಾಕು ಇದೆ, ಒಲೆ ಉರಿಯುತ್ತಿದೆ. ಹಿಂಗ ಹಿಡಿ, ಹಿಂಗ ಎಳಿ ಎಂದು ಕಲಿಸಿಕೊಡಲು ಬೇಕಾದರೆ ಪಾರವ್ವ ಸಿಗುತ್ತಾಳೆ, ಕರೆಯುವ ಬಾಯಿ ಅವನಿಗಿದೆ.

ಒಲೆಯನ್ನು ಸಣ್ಣದು ಮಾಡಿದಳು. ಅದರ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಉಪ್ಪು ಅರಿಶಿನ ಹಾಕಿ ಮುಚ್ಚಿದಳು. ಅಷ್ಟು ಮಾಡಿಕೊಡಬಹುದು.

ಟಬ್ಬಿನ ಎರಡು ಕಿವಿ ಹಿಡಿದು ಎತ್ತಿದಳು. ಐಸು ಕರಗಿ ನೀರಾಗಿತ್ತು, ಟಬ್ಬು ಭಾರವಾಗಿತ್ತು. ಮೆಟ್ಟಿಲ ಮೇಲೆ ಒಂದೊಂದೇ ಕಾಲು ಇಟ್ಟು ಇಳಿದಳು. ತಣ್ಣನೆಯ ಕೆಂಪು ನೀರು ತುಳುಕಿ ಸೀರೆಯ ನೆರಿಗೆ ನೆನೆಸಿತು. ಮನೆಯ ಬಾಗಿಲ ಹತ್ತಿರ ನಿಂತಳು. ಒಳಗೆ ಒಯ್ದು ಗಂಡನ ತಲೆದಿಂಬಿನ ಪಕ್ಕ ಇಡಬೇಕೆಂದು ಮೇಲಿಂದ ಬರುವಾಗ ಅಂದುಕೊಂಡಿದ್ದಳು. ಹೊಸ್ತಿಲಿಗೆ ನಿನ್ನೆ ಅವಳೇ ವಿಭೂತಿ ಬಳಿದಿದ್ದಳು, ಅವಳೇ ರಂಗೋಲಿ ಹಾಕಿದ್ದಳು. ಇದು ಅವಳ ಮನೆ ಕೂಡ. ಟಬ್ಬನ್ನು ಹೊಸ್ತಿಲಿನ ಹೊರಗೆ, ಈರಣ್ಣನ ಚಪ್ಪಲಿಯ ಪಕ್ಕ ಇಟ್ಟು, ಸೊಂಟಕ್ಕೆ ಸಿಕ್ಕಿಸಿಕೊಂಡು ತಂದಿದ್ದ ಚಾಕುವನ್ನು ಅದರ ಮೇಲೆ ಅಡ್ಡ ಇಟ್ಟಳು.

ಬಚ್ಚಲಿಗೆ ಹೋಗಿ ಸೀರೆ ಬದಲಿಸಿದಳು. ಹಸಿರು ಇಳಕಲ್ಲು, ಪೆಟ್ಟಿಗೆಯ ತಳದಲ್ಲಿ ಇದ್ದದ್ದು. ಕೈ ತೊಳೆದುಕೊಂಡಳು, ಊಟಕ್ಕೆ ಮೊದಲು ಯಾರಾದರೂ ತೊಳೆಯುವಷ್ಟೇ, ಅದಕ್ಕಿಂತ ಹೆಚ್ಚಲ್ಲ.

ಪಡಸಾಲೆಯಲ್ಲಿ ರಾತ್ರಿಯೇ ಮೂರು ಮಣೆ ಹಾಕಿಟ್ಟಿದ್ದರು. ನಡುವಿನದು ಸ್ನೇಹಲ್‌ಳದು, ಬಲಕ್ಕೆ ಈರಣ್ಣನದು. ಎಡಗಡೆಯ ಮಣೆಯ ಮೇಲೆ ಮಾಧುರಿಯ ರೇಷ್ಮೆ ಸೀರೆ ಮಡಚಿ ಇಟ್ಟಿತ್ತು. ಕಾಶವ್ವ ಅದನ್ನು ನೆರಿಗೆ ಕೆಡದ ಹಾಗೆ ಎತ್ತಿ ಕುರ್ಚಿಯ ಮೇಲೆ ಇಟ್ಟಳು. ಮಣೆಯ ಮೇಲೆ ಕೂತಳು. ಎಂಟು ಗಂಟೆಗೆ ಇನ್ನೂ ಎರಡು ತಾಸಿತ್ತು, ಒಳಗೆ ಎಲ್ಲರೂ ಮಲಗಿದ್ದರು.